ಬೋಗಿಯ ಪಾಠಾಂತರ

ನಮ್ಮ ಕಡೆ ರೈಲಿನ ಒಂದೊಂದು ಡಬ್ಬಿಗೂ ‘ಬೋಗಿ’ ಎನ್ನುವುದು ರೂಢಿ. ಬಂಟ್ವಾಳದ ಬಿ.ಸಿ. ರೋಡಿನ ಸ್ಟೇಷನ್ನಿನಲ್ಲಿ ನಿಂತು ‘ನಮ್ಮ ಬೋಗಿ ಎಲ್ಲಿ ಬರುತ್ತದೆ’ ಎಂದು ಕೇಳಿದರೆ ಯಾರಿಗೂ ಅರ್ಥವಾಗದೆ ಇರುವುದಿಲ್ಲ. ರೈಲ್ವೆ ಕಾರ್ಖಾನೆಯ ಒಳಗೆ ಮಾತ್ರ ಬೋಗಿ ಎಂದರೆ ಬೇರೆಯೇ ವಸ್ತು: ಡಬ್ಬಿಯ ಅಡಿಯಲ್ಲಿ, ಎರಡು ತುದಿಗಳಲ್ಲಿ, ಗಾಲಿಗಳನ್ನು ಹಿಡಿದುಕೊಂಡು ತಿರುವಿನಲ್ಲಿ ತಾನೂ ತಿರುಗುವ ಉಕ್ಕಿನ ಚೌಕಟ್ಟು. 19ನೇ ಶತಮಾನದ ಬ್ರಿಟಿಷ್ ಗಾಡಿಗಳಲ್ಲಿ ಹೆಚ್ಚಿನವಕ್ಕೆ ನಾಲ್ಕು ಇಲ್ಲವೇ ಆರು ಗಾಲಿ. ಅಂಥ ಗಾಡಿ ಉದ್ದವಾದಷ್ಟೂ ತಿರುವಿನಲ್ಲಿ ಹಳಿಗೆ ಹೊಂದಿಕೊಳ್ಳುವುದು ಕಷ್ಟವಾಗುತ್ತಿತ್ತು. ಆಮೇಲೆ ಬಂದದ್ದು ತಿರುಗುವ ಚೌಕಟ್ಟಿನ ‘ಬೋಗಿ ಗಾಡಿ’. ನಾವು ಗಾಡಿಯನ್ನು ಬಿಟ್ಟು ಬೋಗಿಯನ್ನು ಉಳಿಸಿಕೊಂಡೆವು. ಆಡುಮಾತಿನ ಒಂದು ಪದದೊಳಗೇ ಇಂಥ ಒಂದು ಕಾಲಘಟ್ಟ ಅಡಗಿ ಕುಳಿತಿರುವಾಗ, ಗಾಡಿಯ ಮೈಯಲ್ಲಿ ಎಷ್ಟು ಅಡಗಿರಬೇಡ!

ಹಳೆಯ ಬ್ರಿಟಿಷ್ ರೈಲುಗಾಡಿಗಳನ್ನು ಗುರುತಿಸಿ, ಅಳತೆಗೆ ಸರಿಯಾಗಿ ಅವುಗಳ ಪುಟ್ಟ ಮಾದರಿ ಕಟ್ಟುವ ಒಂದು ದೊಡ್ಡ ಪರಂಪರೆ ಇಂಗ್ಲೆಂಡಿನಲ್ಲಿದೆ. ಅದರ ಪುಸ್ತಕಗಳನ್ನೂ ನಕ್ಷೆಗಳನ್ನೂ ನಾನು ಬಹಳ ವರ್ಷಗಳಿಂದ ಓದುತ್ತ ಬಂದಿದ್ದೇನೆ. ಬಂಟ್ವಾಳದ ಮನೆಯ ಮೇಜಿನ ಮೇಲೆ ಪ್ಲೈವುಡ್ಡಿನಲ್ಲಿ, ದಪ್ಪ ಕಾಗದದಲ್ಲಿ ಒಂದೆರಡನ್ನು ಕಟ್ಟಿಯೂ ನೋಡಿದ್ದೇನೆ. ಈ ಕೆಲಸದಲ್ಲಿ ನಾನು ತುಂಬ ಗೌರವಿಸುವುದು ಗುರುತಿಸುವ ಅರ್ಧವನ್ನು. ಕಟ್ಟುವ ಅರ್ಧ ಎಷ್ಟೋ ಕಡೆ ದಾರಿ ತಪ್ಪಿದೆ. ನಮ್ಮ ಜಿಲ್ಲೆಯ ಹಳಿಗಳ ಮಟ್ಟಿಗೆ ಹೇಳುವುದಾದರೆ, ಆ ಮೊದಲ ಅರ್ಧವನ್ನೇ ನಾವು ಇನ್ನೂ ಕಲಿತಿಲ್ಲ.

ಗುರುತಿಸುವುದು ಎಂದರೇನು? ಮೂಡುಬಿದಿರೆಯ ತಾಳೆಗರಿಗಳ ಬಗ್ಗೆ ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಿ.ಎಲ್. ನರಸಿಂಹಾಚಾರ್ ಅವರಂಥ ವಿದ್ವಾಂಸರು ಗ್ರಂಥ ಸಂಪಾದನೆಯಲ್ಲಿ ಮಾಡಿದ ಕೆಲಸವೇ ಇದು: ಕೈಗೆ ಸಿಕ್ಕ ಪ್ರತಿಯನ್ನು ಅದು ಇದ್ದ ಹಾಗೆ ನಂಬದೆ, ಯಾವ ಅಕ್ಷರ ಕವಿಯದು, ಯಾವುದು ಲಿಪಿಕಾರನ ಕೈತಪ್ಪು, ಯಾವ ಸಾಲು ನಡುವೆ ಯಾರೋ ಸೇರಿಸಿದ್ದು ಎಂದು ತೂಗುವುದು. ರೈಲುಗಾಡಿಯೂ ಹೀಗೆಯೇ ತಿದ್ದಿಸಿಕೊಂಡ ಪ್ರತಿ. ಕಾರ್ಖಾನೆಯಿಂದ ಹೊರಬಿದ್ದ ದಿನದ ಅದರ ರೂಪ ಮೂಲಪಾಠ. ಆಮೇಲೆ ಮೂವತ್ತು ನಲವತ್ತು ವರ್ಷ ಓಡುವಷ್ಟರಲ್ಲಿ ದೀಪ ಬದಲಾಗುತ್ತದೆ, ಕಿಟಕಿ ಬದಲಾಗುತ್ತದೆ, ಬೋಗಿಯೇ ಬದಲಾಗುತ್ತದೆ, ಒಂದನೇ ದರ್ಜೆ ಮೂರನೇ ದರ್ಜೆಯಾಗುತ್ತದೆ, ಕೊನೆಗೆ ಸಿಬ್ಬಂದಿಯ ವಸತಿಯಾಗಿ ಯಾವುದೋ ಯಾರ್ಡಿನ ಮೂಲೆಯಲ್ಲಿ ನಿಲ್ಲುತ್ತದೆ. ಅದರ ಒಂದು ಫೋಟೋ ಎಂದರೆ ಆ ಬಾಳಿನ ಒಂದು ದಿನದ ಪಾಠ.

ಇಪ್ಪತ್ತನೇ ಶತಮಾನದ ಆರಂಭದ, ತಾರೀಖಿಲ್ಲದ, ಬ್ರಿಟಿಷ್ ರೈಲೊಂದರ ಅಂಚೆ ಕಾರ್ಡಿನ ಚಿತ್ರವನ್ನು ಮುಂದಿಟ್ಟುಕೊಳ್ಳಿ. ಸಾಮಾನ್ಯ ನೋಡುಗನ ಕಣ್ಣು ಎಂಜಿನ್ನಿಗೆ ಹೋಗುತ್ತದೆ; ತಿಳಿದವನ ಕಣ್ಣು ಮೊದಲು ಡಬ್ಬಿಯ ಮಾಡಿಗೆ ಹೋಗುತ್ತದೆ. ಮಾಡಿನ ನಡುವೆ ಉದ್ದಕ್ಕೂ ಇನ್ನೊಂದು ಸಣ್ಣ ಮಾಡು ಎದ್ದು ನಿಂತು, ಅದರ ಬದಿಗೆ ಗಾಜಿನ ಕಿಂಡಿಗಳಿದ್ದರೆ ಅದು ಒಂದು ಕಾಲದ, ಕೆಲವೇ ಕಂಪನಿಗಳ ಒಲವು. ಆಮೇಲೆ ಪಕ್ಕದ ಹಲಗೆಗಳು: ಕೀಲುಗಳನ್ನು ಮುಚ್ಚಲು ಬಡಿದ ಮರದ ಪಟ್ಟಿಗಳು ಕಿಟಕಿಯ ಮೇಲೆ ಎಷ್ಟು ಸಾಲು, ಕೆಳಗೆ ಎಷ್ಟು ಸಾಲು, ಮೂಲೆ ಚೌಕವೋ ದುಂಡೋ. ಕೊನೆಗೆ ಬಗ್ಗಿ ನೋಡಬೇಕಾದ್ದು ಅಡಿಭಾಗವನ್ನು. ಅಲ್ಲಿ ಉದ್ದನೆಯ ಉರುಳೆಯಂಥ ಪೀಪಾಯಿ ತೂಗುತ್ತಿದ್ದರೆ ಒಳಗೆ ಅನಿಲದ ದೀಪ ಉರಿಯುತ್ತಿತ್ತು ಎಂದರ್ಥ. ಅದರ ಬದಲು ಪೆಟ್ಟಿಗೆಗಳು ಕಂಡರೆ ಅವು ಬ್ಯಾಟರಿ, ವಿದ್ಯುತ್ತು ಬಂದಾಗಿದೆ.

ಆ ಪೀಪಾಯಿಯ ಮೇಲೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. 1915ರ ಮೇ 22ರಂದು ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್ ಎಂಬಲ್ಲಿ ಸೈನಿಕರನ್ನು ಹೊತ್ತ ರೈಲು ಇನ್ನೊಂದು ರೈಲಿಗೆ ಡಿಕ್ಕಿ ಹೊಡೆಯಿತು. ಸೈನಿಕರ ರೈಲಿನ ಗಾಡಿಗಳು ಮರದವು, ದೀಪಗಳು ಅನಿಲದವು. ಬೆಂಕಿ ಹಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬ್ರಿಟನ್ನಿನ ರೈಲು ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ದುರಂತವಿಲ್ಲ. ಅಂಗೈ ಉದ್ದದ ಮಾದರಿಯ ಅಡಿಯಲ್ಲಿ ಹಿತ್ತಾಳೆ ಕಡ್ಡಿಯ ಒಂದು ತುಂಡನ್ನು ಅಂಟಿಸುವವನಿಗೆ ಇದು ಗೊತ್ತಿದ್ದರೆ ಅವನು ಅದನ್ನು ಸರಿಯಾದ ಜಾಗದಲ್ಲಿ, ಸರಿಯಾದ ಉದ್ದದಲ್ಲಿ ಅಂಟಿಸುತ್ತಾನೆ. ಬ್ರಿಟಿಷ್ ಪರಂಪರೆಯ ಒಳ್ಳೆಯ ಮಾದರಿಕಾರರಿಗೆ ಇದು ಗೊತ್ತಿದೆ. ಅವರ ಬೆನ್ನಿಗೆ ದಾಖಲೆಗಳ ಬಲವೂ ಇದೆ. ಕಂಪನಿಗಳು ಪ್ರತಿ ಬಗೆಯ ಗಾಡಿಗೂ ನಕ್ಷೆ ಬರೆದು ಅದಕ್ಕೊಂದು ಸಂಖ್ಯೆ ಕೊಟ್ಟಿದ್ದವು. 1950ರಲ್ಲಿ ಹುಟ್ಟಿದ ಹಿಸ್ಟಾರಿಕಲ್ ಮಾಡೆಲ್ ರೈಲ್ವೆ ಸೊಸೈಟಿಯಂಥ ಸಂಘಗಳು ಆ ನಕ್ಷೆಗಳನ್ನೂ ಫೋಟೋಗಳನ್ನೂ ಕೂಡಿಟ್ಟವು. ಒಂದು ಗಾಡಿ ಯಾವ ವರ್ಷ ಯಾವ ಬಣ್ಣದಲ್ಲಿತ್ತು ಎಂದು ಹೇಳುವಾಗ ಅವರು ಆಧಾರ ಕೊಟ್ಟೇ ಹೇಳುತ್ತಾರೆ. ಈ ಶಿಸ್ತಿಗೆ ನಾನು ತಲೆಬಾಗುತ್ತೇನೆ.

ತೇಗದ ಗಾಡಿಗಳ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆಯಲ್ಲಿ ಮುಖ್ಯ ಎಂಜಿನಿಯರ್ ನೈಜೆಲ್ ಗ್ರೆಸ್ಲಿಯ ಕಾಲದ ಹೆಚ್ಚಿನ ಡಬ್ಬಿಗಳಿಗೆ ಬಣ್ಣ ಬಳಿಯುತ್ತಿರಲಿಲ್ಲ. ತೇಗದ ಹಲಗೆಗೆ ವಾರ್ನಿಷ್ ಮಾತ್ರ. ಒಂದೊಂದು ಹಲಗೆಯ ಬಣ್ಣ ಒಂದೊಂದು ಥರ, ಹೊಸದು ಜೇನಿನ ಹಾಗೆ, ಹಳೆಯದು ಕಾಫಿಯ ಹಾಗೆ. ಮರದ ಮುಚ್ಚಿಗೆಯ ಮನೆಯಲ್ಲಿ ಹುಟ್ಟಿದ ನಮ್ಮೂರಿನವರಿಗೆ ಈ ಬಣ್ಣದ ಪರಿಚಯ ಚೆನ್ನಾಗಿಯೇ ಇದೆ. ಮುಂದೆ ಅದೇ ಹುದ್ದೆಗೆ ಬಂದ ಎಡ್ವರ್ಡ್ ಥಾಮ್ಸನ್ನನ ಕಾಲಕ್ಕೆ ಉಕ್ಕಿನ ತಗಡಿನ ಗಾಡಿಗಳು ಬಂದವು. ಕಂಪನಿಗೆ ಹಳೆಯ ನೋಟ ಬಿಡಲು ಮನಸ್ಸಾಗಲಿಲ್ಲ. ತಗಡಿನ ಮೇಲೆ ಕುಂಚದಿಂದ ತೇಗದ ಎಳೆಗಳನ್ನು ಬರೆಸಿತು. ಈಗ ಮಾದರಿಕಾರನ ಮುಂದೆ ಎರಡು ಕೆಲಸ. ಗ್ರೆಸ್ಲಿಯ ಗಾಡಿ ಕಟ್ಟುವವನು ಮರವನ್ನು ಅನುಕರಿಸಬೇಕು; ಥಾಮ್ಸನ್ನನ ಗಾಡಿ ಕಟ್ಟುವವನು ಮರದ ಅನುಕರಣೆಯನ್ನು ಅನುಕರಿಸಬೇಕು. ಈ ವ್ಯತ್ಯಾಸ ಕೈಯಲ್ಲಿ ಕಾಣಿಸುವವನನ್ನು ನಾನು ಕಲಾವಿದ ಎಂದೇ ಕರೆಯುತ್ತೇನೆ. ಎರಡಕ್ಕೂ ಒಂದೇ ಕಂದು ಬಣ್ಣ ಎರಚಿದ ಮಾದರಿ ಎಷ್ಟೇ ನುಣುಪಾಗಿದ್ದರೂ ನನಗೆ ಸಪ್ಪೆ.

ನನ್ನ ತಕರಾರು ಶುರುವಾಗುವುದು ಹಳಿಯ ಹತ್ತಿರ. ಬ್ರಿಟನ್ನಿನಲ್ಲಿ ಹೆಚ್ಚು ಜನ ಕಟ್ಟುವುದು ಅಡಿಗೆ 4 ಮಿಲಿಮೀಟರ್ ಲೆಕ್ಕದಲ್ಲಿ. 1951ರಲ್ಲಿ ಬಂದ ‘ಮಾರ್ಕ್ 1’ ಗಾಡಿಯ ಒಡಲು 64 ಅಡಿ 6 ಇಂಚು; ಮಾದರಿಯಲ್ಲಿ 258 ಮಿಲಿಮೀಟರ್. ಇಷ್ಟು ಸರಿ. ಅದೇ ಲೆಕ್ಕದಲ್ಲಿ 4 ಅಡಿ 8½ ಇಂಚು ಅಗಲದ ಬ್ರಿಟಿಷ್ ಹಳಿ 18.83 ಮಿಲಿಮೀಟರ್ ಆಗಬೇಕು. ಆದರೆ ‘ಓಓ’ ಎಂಬ ಹೆಸರಿನಲ್ಲಿ ಅಂಗಡಿಗೆ ಬರುವ ಹಳಿ 16.5 ಮಿಲಿಮೀಟರಿನದು. ಎಂದರೆ ಹಿಗ್ಗಿಸಿ ನೋಡಿದರೆ ನಾಲ್ಕು ಅಡಿ ಒಂದೂವರೆ ಇಂಚು. ಕಿಟಕಿಯ ಪಟ್ಟಿಯ ಅಗಲಕ್ಕೆ, ಬಾಗಿಲ ಹಿಡಿಯ ವಾಲುವಿಕೆಗೆ ವರ್ಷಗಟ್ಟಲೆ ವಾದಿಸುವ ಜನ ಆರೇಳು ಇಂಚು ಕಿರಿದಾದ ಹಳಿಯ ಮೇಲೆ ಗಾಡಿ ಓಡಿಸಿ ಸುಮ್ಮನಿರುತ್ತಾರೆ. ಅಂಗಡಿಯಲ್ಲಿ ಸಿಗುವುದು ಅದೇ, ಎಲ್ಲರ ಗಾಡಿಯೂ ಎಲ್ಲರ ಹಳಿಯ ಮೇಲೆ ಓಡಬೇಕು ಎಂಬ ಕಾರಣ ನನಗೆ ತಿಳಿಯದ್ದಲ್ಲ. 18.83ರ ಸರಿ ಹಳಿಯನ್ನು ತಾವೇ ಕಟ್ಟಿಕೊಳ್ಳುವವರೂ ಅಲ್ಲಿದ್ದಾರೆ. ಆದರೂ ಮೂಲಪಾಠಕ್ಕೆ ನಿಷ್ಠೆ ಎಂದು ಹೇಳಿಕೊಳ್ಳುವ ಪರಂಪರೆಯಲ್ಲಿ ಇದು ಬುಡದ ಬಿರುಕು ಎಂದೇ ನನ್ನ ತೀರ್ಮಾನ.

ಎರಡನೆಯ ಕೊರತೆ ಒಳಗಿನದು. ಹೊರಗೋಡೆಗೆ ಇಷ್ಟು ಕಾಳಜಿ ಸಂದ ಗಾಡಿಗಳಲ್ಲಿ ಎಷ್ಟೋ ಬಾರಿ ಒಳಗೆ ಏನೂ ಇರುವುದಿಲ್ಲ. ಯಾರು ಎಲ್ಲಿ ಕೂತರು, ಮೂರನೇ ದರ್ಜೆಯ ಹಲಗೆ ಎಷ್ಟು ಅಗಲ, ಹೆಂಗಸರ ಕಂಪಾರ್ಟ್‌ಮೆಂಟು ಯಾವ ತುದಿಯಲ್ಲಿ, ಇದೆಲ್ಲ ಕಿಟಕಿಯ ಹಿಂದಿನ ಕತ್ತಲೆಯಾಗಿ ಉಳಿಯುತ್ತದೆ. ರೈಲುಗಾಡಿ ಇರುವುದು ಜನ ಕೂರುವುದಕ್ಕೆ. ಅವರು ಕೂರುವ ಜಾಗವೇ ಮಾದರಿಯಲ್ಲಿ ಇಲ್ಲವಾದರೆ ಅದು ಮುಕ್ಕಾಲು ಕೆಲಸ.

ಎಂಜಿನ್ನು ಬೇರೆ, ಡಬ್ಬಿ ಬೇರೆ ಎಂಬ ವ್ಯವಸ್ಥೆಯಲ್ಲೇ ಇಷ್ಟು ಸಿಕ್ಕು. ಎಂಜಿನ್ನೇ ಇಲ್ಲದ, ಡಬ್ಬಿಗಳ ಅಡಿಯಲ್ಲೇ ಮೋಟರ್ ಇರುವ ‘ಮಲ್ಟಿಪಲ್ ಯೂನಿಟ್’ ರೈಲುಗಳದ್ದು ಇನ್ನೂ ಬಿಗಿಯಾದ ಗಂಟು. 2023ರ ಡಿಸೆಂಬರ್ 30ರಂದು ಮಂಗಳೂರು–ಮಡಗಾಂವ್ ನಡುವೆ ಶುರುವಾದ ವಂದೇ ಭಾರತ್ ಈ ಜಾತಿಯದು. ಬ್ರಿಟನ್ನಿನ ಸದರ್ನ್ ರೈಲ್ವೆ ತನ್ನ ವಿದ್ಯುತ್ ಸೆಟ್ಟುಗಳಿಗೆ ಪುಟ್ಟ ಹೆಸರುಗಳನ್ನಿಟ್ಟಿತ್ತು: ನಾಲ್ಕು ಡಬ್ಬಿಯ ಉಪನಗರದ ಸೆಟ್ಟು ‘4-ಸಬ್’, ಒಳಗೆ ಓಡಾಡಲು ದಾರಿಯಿದ್ದದ್ದು ‘4-ಕಾರ್’. ಕೆಲವು 4-ಸಬ್ ಸೆಟ್ಟುಗಳನ್ನು ಪಕ್ಕದಿಂದ ನೋಡಿದರೆ ಮೂರು ಡಬ್ಬಿಗಳು ಹಳೆಯ ಮರದವು, ನಡುವೆ ಒಂದು ಮಾತ್ರ ನುಣುಪಾದ ಉಕ್ಕಿನದು, ಉಳಿದವಕ್ಕಿಂತ ಅಗಲದ್ದು. ಮೂರು ಡಬ್ಬಿಯ ಸೆಟ್ಟಿಗೆ 1940ರ ದಶಕದಲ್ಲಿ ಸೇರಿಸಿದ ನಾಲ್ಕನೆಯದು ಅದು. ಪ್ರಕ್ಷಿಪ್ತ ಪದ್ಯ ಕಾವ್ಯದೊಳಗೆ ಎದ್ದು ಕಾಣುವಂತೆ ಅದು ಕಾಣುತ್ತದೆ. ಡಬ್ಬಿಗಳು ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಹೋಗುತ್ತಲೂ ಇದ್ದವು. ಆದ್ದರಿಂದ ಮಲ್ಟಿಪಲ್ ಯೂನಿಟ್ಟನ್ನು ಗುರುತಿಸಲು ಸಂಖ್ಯೆ ಸಾಲದು, ತಾರೀಖು ಬೇಕು. ಈ ಕೆಲಸವನ್ನು ಬ್ರಿಟಿಷ್ ಮಾದರಿಕಾರರು ಬೆರಗುಗೊಳಿಸುವಷ್ಟು ತಾಳ್ಮೆಯಿಂದ ಮಾಡಿದ್ದಾರೆ.

ತುಳುನಾಡಿನವರಿಗೆ ಇಂಥ ರೈಲು ಪರಿಚಯವಾದದ್ದು ಮುಂಬಯಿಯಲ್ಲಿ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ 1,500 ವೋಲ್ಟಿನ ವಿದ್ಯುತ್ ರೈಲು ಓಡಿಸಿತು; ದೇಶದಲ್ಲಿ ಅದೇ ಮೊದಲು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಿಂದ ಹೋಟೆಲ್ ಕೆಲಸಕ್ಕೆ ಹೊರಟ ಹುಡುಗರು ಆಮೇಲೆ ಬದುಕಿಡೀ ಓಡಾಡಿದ್ದು ‘ಲೋಕಲ್’ ರೈಲಿನ ಬಾಗಿಲ ಕಂಬ ಹಿಡಿದು. ಮುಂಬಯಿ ಕನ್ನಡಿಗರ ನೆನಪುಗಳಲ್ಲಿ ಲೋಕಲ್ ರೈಲಿನ ಗದ್ದಲ ಬೇಕಾದಷ್ಟಿದೆ. ಆ ಡಬ್ಬಿಯ ಕೈಹಿಡಿ ಹೇಗಿತ್ತು, ಬಲ್ಬಿನ ಗೂಡು ಹೇಗಿತ್ತು, ಯಾವ ವರ್ಷ ಯಾವ ಬಣ್ಣ ಎಂದು ಕೇಳಿದರೆ ಹೇಳುವವರನ್ನು ನಾನು ಕಂಡದ್ದು ಕಡಿಮೆ.

ಕರ್ನಾಟಕದಲ್ಲಿ ಈ ಓದು ಕಲಿಯಬೇಕೆನ್ನುವವರು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ 1899ರ ಮಹಾರಾಣಿಯ ಸಲೂನ್ ಗಾಡಿ ಇದೆ. ಆ ವರ್ಷ ಮೈಸೂರಿನ ಆಡಳಿತ ರೀಜೆಂಟ್ ವಾಣಿವಿಲಾಸ ಸನ್ನಿಧಾನ ಅವರ ಕೈಯಲ್ಲಿತ್ತು ಎಂಬುದನ್ನು ನೆನಪಿಟ್ಟುಕೊಂಡು ಆ ಗಾಡಿಯ ಮುಂದೆ ನಿಲ್ಲಿ. ಅಡುಗೆಗೆ, ಊಟಕ್ಕೆ ಇರುವ ಏರ್ಪಾಡನ್ನು ನೋಡಿದರೆ ಅರಮನೆಯ ದಿನಚರಿಯೇ ಗಾಲಿಯ ಮೇಲೆ ಹೊರಟಿತ್ತು ಎಂಬುದು ತಿಳಿಯುತ್ತದೆ. ಬ್ರಿಟಿಷ್ ಮಾದರಿಗಳಲ್ಲಿ ಇಲ್ಲ ಎಂದು ನಾನು ದೂರಿದ ಒಳಗು ಇಲ್ಲಿ ಕಣ್ಣೆದುರಿಗಿದೆ. ಅದು ಈ ಸಂಗ್ರಹದ ದೊಡ್ಡ ಗುಣ. ಆದರೆ ಎಲ್ಲ ಕಡೆಯೂ ಆದಂತೆ ಇಲ್ಲಿಯೂ ನಾವು ಹುಡುಕಿಕೊಂಡು ಹೋಗಿ ಬಾಗುವುದು ಅರಸೊತ್ತಿಗೆಯ ಗಾಡಿಗೆ. ಅದೇ ಹಳಿಯ ಮೇಲೆ, ಒಂದು ಮೀಟರ್ ಅಗಲದ ಅದೇ ಮೀಟರ್ ಗೇಜಿನಲ್ಲಿ, ಮೂರನೇ ದರ್ಜೆಯಲ್ಲಿ ಹೋದವರ ಗಾಡಿಯನ್ನು ಇಷ್ಟೇ ಅಕ್ಕರೆಯಿಂದ ಓದುವ ಅಭ್ಯಾಸ ನಮಗೆ ಬಂದಿಲ್ಲ.

ಮೈಸೂರಿನ ಆ ಸಂಗ್ರಹಾಲಯ ಬಾಗಿಲು ತೆರೆದದ್ದು 1979ರಲ್ಲಿ. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ ಪೂರ್ತಿಯಾದದ್ದೂ ಅದೇ 1979ರಲ್ಲಿ. 189 ಕಿಲೋಮೀಟರ್ ದಾರಿ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನ ತನಕ ಘಟ್ಟ, 57 ಸುರಂಗ. ಅತ್ತ ಹಳೆಯ ಮೀಟರ್ ಗೇಜ್ ಗಾಡಿಗಳು ಸಂಗ್ರಹಾಲಯ ಸೇರುತ್ತಿರುವಾಗ ಇತ್ತ ನಮಗೆ ಮೀಟರ್ ಗೇಜ್ ಹೊಸದಾಗಿ ಬಂತು. ಹದಿನೇಳೇ ವರ್ಷ. 1996ರಲ್ಲಿ ಬ್ರಾಡ್ ಗೇಜಿಗಾಗಿ ಅದು ನಿಂತಿತು; ಪ್ರಯಾಣಿಕರ ರೈಲು ಮತ್ತೆ ಘಟ್ಟ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಬಂಟ್ವಾಳ ದಾಟಿ ನೇತ್ರಾವತಿಯ ಸೇತುವೆಯ ಮೇಲೆ ಆ ಕಿರಿದಾದ ಗಾಡಿಗಳು ಹೋಗುವ ಸದ್ದು ನನ್ನ ವಯಸ್ಸಿನವರ ಕಿವಿಯಲ್ಲಿ ಇನ್ನೂ ಇದೆ. ಕೈಯಲ್ಲಿ ಹಿಡಿಯುವಂಥದ್ದು ಏನು ಉಳಿದಿದೆ ಎಂದು ಹುಡುಕಿ ನಾನು ಸೋತಿದ್ದೇನೆ.

ಆ ಗಾಡಿಗಳಲ್ಲಿ ಒಂದನ್ನು ನಾನು ಕಟ್ಟಲು ಹೊರಟೆ. 1:64ರ ಅಳತೆ ಆರಿಸಿಕೊಂಡೆ; ಆ ಅಳತೆಯಲ್ಲಿ ಮೀಟರ್ ಗೇಜ್ ಹದಿನೈದೂವರೆ ಮಿಲಿಮೀಟರಿನಷ್ಟಾಗುತ್ತದೆ, ಅಂಗಡಿಯ 16.5ರ ಹಳಿ ಒಂದು ಮಿಲಿಮೀಟರ್ ಹೆಚ್ಚು. ಬ್ರಿಟಿಷರನ್ನು ಆಕ್ಷೇಪಿಸಿದ ಸಂಗತಿಯಲ್ಲೇ ನಾನೂ ರಾಜಿಯಾದೆ. ಆ ಒಂದು ಮಿಲಿಮೀಟರ್ ನನಗೆ ಈಗಲೂ ಚುಚ್ಚುತ್ತದೆ. ನಕ್ಷೆ ಸಿಗಲಿಲ್ಲ. ಆಧಾರಕ್ಕೆ ಇದ್ದದ್ದು ನೆಂಟರ ಮನೆಯ ಒಂದು ಕಪ್ಪು–ಬಿಳುಪು ಫೋಟೋ: ಪ್ಲಾಟ್‌ಫಾರ್ಮಿನ ಮೇಲೆ ಮದುವೆಯ ದಿಬ್ಬಣ, ಹಿಂದೆ ಮೂರು ಕಿಟಕಿ, ಅರ್ಧ ಬಾಗಿಲು. ಒಬ್ಬರ ಎತ್ತರ ಗೊತ್ತಿತ್ತು, ಅದರಿಂದ ಕಿಟಕಿಯ ಎತ್ತರ ಲೆಕ್ಕ ಹಾಕಿದೆ. ಅಡ್ಡ ಸರಳುಗಳನ್ನು ಎಣಿಸಿದೆ. ಮಳೆಗಾಲದ ಆಟಿ ತಿಂಗಳ ತೇವಕ್ಕೆ ದಪ್ಪ ಕಾಗದದ ಪಕ್ಕಗಳು ಎರಡು ಸಲ ಬಾಗಿ ಬೂಷ್ಟು ಹಿಡಿದವು; ಮೂರನೆಯ ಸಲ ತೆಳು ಪ್ಲೈವುಡ್ಡಿಗೆ ಬಂದೆ.

ಮುಗಿದ ಮೇಲೆ ಅದನ್ನು ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕಿಟಕಿ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಮಾದರಿಯನ್ನು ಅಂಗೈ ಮೇಲೆ ಮಗುಚಿ ಹಾಕಿ ಅಡಿಭಾಗ ನೋಡಿದರು. “ಬ್ಯಾಟ್ರಿ ಪೆಟ್ಟಿಗೆ ಎಲ್ಲಿ ಮಾರಾಯ್ರೆ? ಡೈನಮೋ ಎಲ್ಲಿ? ರಾತ್ರಿ ದೀಪ ಉರಿಯುವುದು ಹೇಗೆ?” ಎಂದರು. ಗಾಲಿಯ ಅಚ್ಚಿನಿಂದ ಡೈನಮೋಗೆ ಹೋಗುವ ಬೆಲ್ಟು ಯಾವ ಕಡೆ ಇರುತ್ತಿತ್ತು, ಅದು ಕಳಚಿ ಬಿದ್ದರೆ ಡಬ್ಬಿಯೊಳಗೆ ದೀಪ ಹೇಗೆ ಕ್ರಮೇಣ ಮಂಕಾಗುತ್ತಿತ್ತು, ನಿರ್ವಾತ ಬ್ರೇಕಿನ ಸಿಲಿಂಡರ್ ಎಲ್ಲಿ ತೂಗುತ್ತಿತ್ತು ಎಂದು ಪೆನ್ಸಿಲ್ ತೆಗೆದುಕೊಂಡು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದರು. ನನ್ನ ಮಟ್ಟಿಗೆ ಆ ಕ್ಯಾಲೆಂಡರ್ ಹಾಳೆ ಆ ಗಾಡಿಯ ಮೊದಲ ನಕ್ಷೆ. ಫೋಟೋದಲ್ಲಿ ಕಂಡದ್ದನ್ನಷ್ಟೇ ಕಟ್ಟಿದವನ ಮಾದರಿ ಎಲ್ಲಿ ಸೋಲುತ್ತದೆ ಎಂಬುದು ಅವತ್ತು ಅರ್ಥವಾಯಿತು. ಆ ಅಡಿಭಾಗವನ್ನು ನಾನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ.

ಇಂಗ್ಲೆಂಡಿನ ಪದ್ಧತಿಯನ್ನು ನಾವು ಹಾಗೆಯೇ ಎತ್ತಿಕೊಂಡು ಬರಬೇಕಿಲ್ಲ ಎನ್ನುವುದಕ್ಕೆ ಈ ಅನುಭವವೇ ಕಾರಣ. ಅಲ್ಲಿ ನಕ್ಷೆ ಮೊದಲು, ಮನುಷ್ಯ ಆಮೇಲೆ. ನಮ್ಮಲ್ಲಿ ನಕ್ಷೆ ಜನರ ತಲೆಯೊಳಗಿದೆ, ಕೈಯೊಳಗಿದೆ. ಗಾಡಿ ದುರಸ್ತಿ ಮಾಡಿದವರು, ಗಾಡಿಗೆ ನೀರು ತುಂಬಿದವರು, ಗಾರ್ಡ್ ಆಗಿದ್ದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಹಲವರಿಗೆ ಎಪ್ಪತ್ತು ದಾಟಿದೆ. ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುವರ ನಿತ್ಯದ ಬಳಕೆಯ ವಸ್ತುಗಳನ್ನು ಕೂಡಿಟ್ಟಿರುವುದನ್ನು ನೋಡಿದವರಿಗೆ, ಸಾಧಾರಣ ವಸ್ತುವಿಗೆ ಸರಿಯಾದ ಹೆಸರು, ಸರಿಯಾದ ಜಾಗ ಕೊಟ್ಟರೆ ಅದು ಎಷ್ಟು ಮಾತಾಡುತ್ತದೆ ಎಂದು ಗೊತ್ತು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಸಂಗ್ರಹದಲ್ಲಿ ಹಳೆಯ ಕಾರುಗಳಿಗೂ ಅಂಥ ಗೌರವ ಸಿಕ್ಕಿದೆ. ಮೀಟರ್ ಗೇಜಿನ ಒಂದು ಕಿಟಕಿ ಚೌಕಟ್ಟು, ಒಂದು ಸೀಟಿನ ಹಲಗೆ, ಒಂದು ನಂಬರಿನ ಫಲಕ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ನಮ್ಮ ಮೂರು ತಾಲೂಕುಗಳ ಯಾವುದಾದರೂ ಮನೆಯ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಇರಲಾರದೆ?

ಬೆಳ್ತಂಗಡಿ ಪೇಟೆಗೂ ಮೂಡುಬಿದಿರೆ ಪೇಟೆಗೂ ರೈಲು ಬಂದಿಲ್ಲ. ಆ ಊರುಗಳವರಿಗೆ ರೈಲು ಎಂದರೆ ಬಸ್ಸು ಹಿಡಿದು ಬಂಟ್ವಾಳಕ್ಕೋ ಮಂಗಳೂರಿಗೋ ಹೋಗಿ ಹತ್ತುವ ಸಂಭ್ರಮ. ಸಂಭ್ರಮವಾದ್ದರಿಂದಲೇ ಫೋಟೋ ತೆಗೆಸಿಕೊಂಡವರೂ ಅಲ್ಲಿಯೇ ಹೆಚ್ಚಿರಬಹುದು. 1979ರಿಂದ 1996ರ ನಡುವೆ ತೆಗೆದ ಅಂಥ ಫೋಟೋ ನಿಮ್ಮ ಆಲ್ಬಮ್ಮಿನಲ್ಲಿದ್ದರೆ ಒಮ್ಮೆ ಹೊರತೆಗೆದು ನೋಡಿ. ಬೀಳ್ಕೊಡಲು ಬಂದವರ ಭುಜದ ಹಿಂದೆ ಡಬ್ಬಿಯ ಒಂದು ಕಿಟಕಿ, ಒಂದು ಗಾಲಿ, ಅರ್ಧ ನಂಬರು ಕಂಡರೂ ಸಾಕು. ಫೋಟೋದ ಬೆನ್ನಿಗೆ ಮೆಲ್ಲನೆ ಪೆನ್ಸಿಲಿನಲ್ಲಿ ವರ್ಷ, ಸ್ಟೇಷನ್ನಿನ ಹೆಸರು, ನಿಂತವರಲ್ಲಿ ಒಬ್ಬರ ಎತ್ತರ ಬರೆದಿಡಿ.